ಮಲೆನಾಡಿನಲ್ಲಿ ಹಳೇ ಮಾರುತಿ ಜಿಪ್ಸಿ ಕೊಳ್ಳುವ ಮುಂಚೆ: ಪದೇ ಪದೇ ಕೇಳುವ ಪ್ರಶ್ನೆಗಳು

ನನಗೆ ಬೇಕಿದ್ದದ್ದು ಟಾಪ್ ತೆಗೆಯೋಕೆ ಬರುವ ಎರಡು ಸೀಟಿನ ಸ್ಪೋರ್ಟ್ಸ್ ಕಾರು. ನೀವ್ಯಾಕೆ ಜಿಪ್ಸಿ ಅಂತೀರಿ?

ಕೈಗೆಟಕುವ ಬೆಲೆಯ ಎರಡು ಸೀಟಿನ ಕಾರು ನಮ್ಮ ದೇಶದ ಮಾರುಕಟ್ಟೆಗೆ ಬಂದದ್ದೇ ಅಪರೂಪ. ಮಾಜ್ದಾ ಎಂಎಕ್ಸ್-5 ಇಲ್ಲಿ ಕಂಪನಿ ಶೋರೂಮಿಗೆ ಬರಲೇ ಇಲ್ಲ. ಗೋವಾದಲ್ಲಿ ತಯಾರಾಗುತ್ತಿದ್ದ ಸ್ಯಾನ್ ಸ್ಟಾರ್ಮ್ ಅಂತ ಒಂದಿತ್ತು. ಫೈಬರ್ ಬಾಡಿ, ರೆನೋ 1.2 ಲೀಟರ್ ಎಂಜಿನ್. ಈಗ ಸಿಕ್ಕರೂ ಬಿಡಿಭಾಗಕ್ಕೆ ಊರೂರು ಅಲೆಯಬೇಕು. ಇನ್ನು ಹೊರದೇಶದ ದುಬಾರಿ ಕನ್ವರ್ಟಿಬಲ್‌ಗಳು ಹಳತಾದ ಮೇಲೆ ಕೊಳ್ಳೋಕೆ ಅಗ್ಗ, ಸಾಕೋಕೆ ಅಲ್ಲ. ಅದೂ ಅಲ್ಲದೆ ತೀರ್ಥಹಳ್ಳಿ ರಸ್ತೆಯ ಮಂಡಗದ್ದೆ ದಾಟಿ ಯಾರದೋ ತೋಟದ ದಾರಿಗೆ ತಿರುಗಿದರೆ ಅವುಗಳ ಹೊಟ್ಟೆ ನೆಲಕ್ಕೆ ಉಜ್ಜುತ್ತದೆ.

ಜಿಪ್ಸಿಯಲ್ಲಿ ಸರಿಯಾಗಿ ಕೂರೋಕಾಗುವುದು ಮುಂದಿನ ಎರಡೇ ಸೀಟು. ಹೂಡು ಬಿಚ್ಚಿದರೆ ಪೂರ್ತಿ ಬಯಲು. ತೂಕ ಒಂದು ಸಾವಿರ ಕೆಜಿ ಆಸುಪಾಸು, ನೆಲದಿಂದ ಎತ್ತರ 210 ಮಿ.ಮೀ. ಎಂಜಿನ್ನಿಗೆ ಮೇಲಿನ ಆರ್‌ಪಿಎಂ ಇಷ್ಟ. ವೇಗ ಮಾತ್ರ ಕೇಳಬೇಡಿ, 80 ದಾಟಿದರೆ ಪಕ್ಕದವರ ಮಾತು ಕೇಳಿಸುವುದಿಲ್ಲ. ಆದರೆ ಆಗುಂಬೆ ಘಾಟಿಯ 14 ತಿರುವುಗಳಲ್ಲಿ 40ರ ವೇಗಕ್ಕೇ ಮನಸ್ಸು ತುಂಬುತ್ತದೆ.

ಯಾವ ಮಾಡೆಲ್ ಹುಡುಕಬೇಕು?

ಜಿಪ್ಸಿ ಬಂದದ್ದು 1985ರಲ್ಲಿ. ಮೊದಲ ಎಂಜಿ410ಕ್ಕೆ 970 ಸಿಸಿ ಎಂಜಿನ್, 45 ಕುದುರೆ ಶಕ್ತಿ, ನಾಲ್ಕು ಗೇರು. ಎರಡು ಚಕ್ರಗಳ ನಡುವಿನ ಅಗಲ ಕಡಿಮೆ, ತಿರುವಿನಲ್ಲಿ ಗಾಡಿ ವಾಲುತ್ತದೆ. 1993ರಲ್ಲಿ ಅಗಲ ಹೆಚ್ಚಿಸಿದ ಎಂಜಿ410ಡಬ್ಲ್ಯೂ ಬಂತು. 1996ರ ಎಂಜಿ413ಡಬ್ಲ್ಯೂ, ಅಂದರೆ 'ಕಿಂಗ್'ಗೆ 1298 ಸಿಸಿ ಕಾರ್ಬುರೇಟರ್ ಎಂಜಿನ್, ಐದು ಗೇರು. 2000ದಲ್ಲಿ ಅದಕ್ಕೇ ಇಂಜೆಕ್ಟರ್ ಮೂಲಕ ಪೆಟ್ರೋಲ್ ಸಿಂಪಡಿಸುವ, 16 ವಾಲ್ವಿನ ಎಂಪಿಎಫ್‌ಐ ಎಂಜಿನ್ ಕೂತು 80 ಕುದುರೆ ಶಕ್ತಿ ಬಂತು.

ದಿನಬಳಕೆಗೆ, ಘಾಟಿ ಓಡಾಟಕ್ಕೆ ಬೇಕೆಂದರೆ 2000ದ ನಂತರದ ಎಂಪಿಎಫ್‌ಐ ಕಿಂಗನ್ನೇ ಹುಡುಕಿ. ಚಳಿಗಾಲದ ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತದೆ. ಎಂಜಿನ್ ಎಸ್ಟೀಮ್ ಕಾರಿನ ವಂಶದ್ದೇ ಆದ್ದರಿಂದ ಮೆಕ್ಯಾನಿಕ್‌ಗಳಿಗೆ ಹೊಸದಲ್ಲ. 410 ಕೊಳ್ಳುವವರು ಅದರ ಮೇಲಿನ ಪ್ರೀತಿಗೆ ಕೊಳ್ಳಲಿ. ಹುಲಿಕಲ್ ಘಾಟಿಯ ಏರಿನಲ್ಲಿ ನಾಲ್ಕು ಜನ ಕೂತರೆ ಅದು ಎರಡನೇ ಗೇರಿಗೇ ಅಂಟಿಕೊಳ್ಳುತ್ತದೆ.

ಗಾಡಿ ನೋಡೋಕೆ ಯಾವ ಕಾಲ ಒಳ್ಳೆಯದು?

ಜುಲೈ. ಮಳೆ ಹಿಡಿದ ಮೂರನೇ ದಿನ ಹೋದರೆ ಇನ್ನೂ ಒಳ್ಳೆಯದು. ಮ್ಯಾಟಿನ ಕೆಳಗಿನ ನೀರು, ವೈಪರ್ ಮೋಟಾರಿನ ಬಲ, ಒದ್ದೆಯಾದ ಡಿಸ್ಟ್ರಿಬ್ಯೂಟರ್‌ನಿಂದ ಬರುವ ಮಿಸ್ಸಿಂಗ್ (ಎಂಜಿನ್ ತಡವರಿಕೆ), ಎಲ್ಲವೂ ಕೇಳದೆಯೇ ಕಾಣಿಸುತ್ತವೆ. ಮಾರ್ಚ್‌ನಲ್ಲಿ ಯಾವ ಗಾಡಿ ನೋಡಿದರೂ ಚೆನ್ನಾಗಿಯೇ ಇರುತ್ತದೆ.

ತುಕ್ಕು ಎಷ್ಟಿದ್ದರೆ ಪರವಾಗಿಲ್ಲ?

ಎಂಜಿನ್ ಹೋಗಿದ್ದರೆ ಕಟ್ಟಿಸಬಹುದು, ಗೇರ್‌ಬಾಕ್ಸ್ ಬಿಚ್ಚಿಸಬಹುದು. ಚೇಸಿಸ್ ಹೋದ ಮಲೆನಾಡಿನ ಜಿಪ್ಸಿಗೆ ಮಾತ್ರ ಮದ್ದಿಲ್ಲ. ಹಾಗಾಗಿ ಬಾನೆಟ್ ಎತ್ತುವ ಮೊದಲು ಕೆಳಗೆ ನುಗ್ಗಿ. ಒಂದು ಗೋಣಿಚೀಲ, ಒಳ್ಳೆಯ ಟಾರ್ಚು, ದಪ್ಪ ಸ್ಕ್ರೂಡ್ರೈವರ್, ಬಟ್ಟೆ ಸುತ್ತಿದ ಅಯಸ್ಕಾಂತ ಜೊತೆಗಿರಲಿ.

ಚೇಸಿಸ್‌ನ ಎರಡು ಉದ್ದ ತೊಲೆಗಳು ಒಳಗೆ ಟೊಳ್ಳು. ಜಂಬಿಟ್ಟಿಗೆ ಮಣ್ಣು ಒಳಗೆ ಸೇರಿ, ನೀರು ಇಳಿಯುವ ತೂತುಗಳನ್ನು ಮುಚ್ಚಿ, ವರ್ಷಗಟ್ಟಲೆ ಒದ್ದೆ ಹಿಡಿದಿಟ್ಟುಕೊಳ್ಳುತ್ತದೆ. ತುಕ್ಕು ಒಳಗಿಂದ ಹೊರಗೆ ಬರುವುದರಿಂದ ಹೊರಗಿನ ಬಣ್ಣ ನೋಡಿ ಏನೂ ಗೊತ್ತಾಗುವುದಿಲ್ಲ. ಸ್ಕ್ರೂಡ್ರೈವರ್ ಹಿಡಿಯಿಂದ ತೊಲೆಯುದ್ದಕ್ಕೂ ಬಡಿಯುತ್ತಾ ಹೋಗಿ. ಗಟ್ಟಿ ಕಬ್ಬಿಣ 'ಟಣ್' ಅನ್ನುತ್ತದೆ, ತಿಂದುಹೋದದ್ದು 'ಡಬ್' ಅನ್ನುತ್ತದೆ. ಹಿಂದಿನ ಪ್ಲೇಟ್ ಸ್ಪ್ರಿಂಗ್‌ಗಳು ಚೇಸಿಸ್‌ಗೆ ಸೇರುವ ಎರಡೂ ತುದಿ, ಹಿಂದಿನ ಹೌಸಿಂಗ್ (ಆ್ಯಕ್ಸಲ್ ಕೂರುವ ಕೊಳವೆ) ಮೇಲೆ ತೊಲೆ ಬಾಗಿ ಏರುವ ಜಾಗ, ಬಾಡಿ ಕೂರುವ ರಬ್ಬರ್‌ಗಳ ಕೆಳಗಿನ ಬ್ರಾಕೆಟ್‌ಗಳು, ರೇಡಿಯೇಟರ್ ಕೆಳಗಿನ ಅಡ್ಡಪಟ್ಟಿ: ಇವು ಮೊದಲು ಹೋಗುವ ಜಾಗಗಳು. ಸ್ಪ್ರಿಂಗ್ ಕೂರುವ ಕಡೆ ತೇಪೆ ಹಾಕಿ ವೆಲ್ಡ್ ಮಾಡಿದ್ದರೆ ಬೆಲೆ ಎಷ್ಟೇ ಇಳಿಸಲಿ, ಬಿಟ್ಟುಬಿಡಿ. ಗಾಡಿಯ ಭಾರವೆಲ್ಲ ಅಲ್ಲೇ ಬೀಳುವುದು.

ಕೆಳಗೆಲ್ಲ ಹೊಸದಾಗಿ ಕಪ್ಪು ಕೋಟಿಂಗ್ ಹೊಡೆದಿದ್ದರೆ ಖುಷಿಪಡಬೇಡಿ. ಮಾರುವ ವಾರ ಹೊಡೆಸಿದ ಕೋಟಿಂಗ್ ತುಕ್ಕು ನಿಲ್ಲಿಸೋಕೆ ಅಲ್ಲ, ಮುಚ್ಚೋಕೆ.

ಇನ್ನು ತೋಟದ ಗಾಡಿಗಳಿಗೇ ಅಂತ ಒಂದು ರೋಗವಿದೆ. ಹಿಂದಿನ ನೆಲದ ಮೂಲೆಗಳಲ್ಲಿ, ಟೇಲ್‌ಗೇಟ್ ಹತ್ತಿರ, ಮ್ಯಾಟ್ ಎತ್ತಿ ನೋಡಿ. ಹಸಿರು-ನೀಲಿ ಕಲೆ ಕಂಡರೆ ಆ ಗಾಡಿ ಅಡಿಕೆಗೆ ಔಷಧಿ ಹೊಡೆಯುವ ಕಾಲದಲ್ಲಿ ಬೋರ್ಡೋ ದ್ರಾವಣದ ಡ್ರಮ್ಮು ಹೊತ್ತಿದೆ ಅಂತ ಅರ್ಥ. ಮೈಲುತುತ್ತದ ನೀರು ಚೆಲ್ಲಿದ ಕಡೆ ತಾಮ್ರ ಕಬ್ಬಿಣದ ಮೇಲೆ ಕೂತು, ಕಬ್ಬಿಣ ಕರಗುತ್ತಾ ಹೋಗುತ್ತದೆ. ಪೊಟ್ಯಾಷ್ ಗೊಬ್ಬರದ ಚೀಲ ಒಡೆದು ಚೆಲ್ಲಿದ್ದೂ ಉಪ್ಪು ಚೆಲ್ಲಿದಂತೆಯೇ. ಬಿಳಿ ಪುಡಿ ಬೋಲ್ಟ್ ತಲೆಗಳ ಸುತ್ತ ಕೂತಿರುತ್ತದೆ. ನೆಲದ ತಗಡು ಹೋಗಿದ್ದರೆ ಚಿಂತೆ ಬೇಡ, ಒಳ್ಳೆಯ ಟಿಂಕರಿಂಗ್‌ನವರು ಕತ್ತರಿಸಿ ಹೊಸದು ಕೂರಿಸುತ್ತಾರೆ. ಆ ನೀರು ಇಳಿದು ಕೆಳಗಿನ ತೊಲೆಯನ್ನೂ ತಿಂದಿದೆಯೇ ಅನ್ನುವುದೇ ಪ್ರಶ್ನೆ.

ಮೇಲಿನ ಬಾಡಿಯಲ್ಲಿ ಮುಂಗಾಜಿನ ಚೌಕಟ್ಟಿನ ಕೆಳ ಮೂಲೆಗಳು, ಬಾಗಿಲಿನ ತಳ, ಬ್ಯಾಟರಿ ಟ್ರೇ, ಚಕ್ರದ ಕಮಾನುಗಳನ್ನು ನೋಡಿ. ಅಯಸ್ಕಾಂತ ಹಿಡಿಯದ ಕಡೆ ತಗಡಿಲ್ಲ, ಪುಟ್ಟಿ ಇದೆ.

ಎಂಜಿನ್ ಪರೀಕ್ಷೆ ಹೇಗೆ?

ನೀವು ಹೋಗುವ ಹೊತ್ತಿಗೆ ಎಂಜಿನ್ ತಣ್ಣಗಿರಬೇಕು. ಬಾನೆಟ್ ಬಿಸಿಯಿದ್ದರೆ ಟೀ ಕುಡಿದು ಮಾತಾಡಿ, ತಣಿಯಲು ಬಿಡಿ. ಸ್ಟಾರ್ಟ್ ಆದಾಗ ಮೊದಲ ಕ್ಷಣ ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲುಗಳ ರಬ್ಬರ್ ಒಣಗಿ ಸೋರುತ್ತಿದೆ, ಸಣ್ಣ ಕೆಲಸ. ಗೇರಿನಲ್ಲಿ ಎಳೆಯುವಾಗ ನೀಲಿ ಹೊಗೆ ಬರುತ್ತಲೇ ಇದ್ದರೆ ರಿಂಗು ಸವೆದಿವೆ, ಅದು ದೊಡ್ಡ ಕೆಲಸ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ, ರೇಡಿಯೇಟರ್ ನೀರು ಕಮ್ಮಿಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಿ.

ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಕಡೆಯ ಯಾವುದಾದರೂ ಗ್ಯಾರೇಜಿನಲ್ಲಿ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ನೋಡಿಸಿ. 1.3 ಎಂಜಿನ್ನಿಗೆ ಚದರ ಸೆಂ.ಮೀ.ಗೆ 14 ಕೆಜಿ ಹತ್ತಿರ ಬರಬೇಕು, 12ಕ್ಕಿಂತ ಇಳಿಯಬಾರದು, ನಾಲ್ಕು ಸಿಲಿಂಡರ್‌ಗಳ ನಡುವೆ ಒಂದು ಕೆಜಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಕಮ್ಮಿ ಇರುವ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಏರಿದರೆ ರಿಂಗು, ಏರದಿದ್ದರೆ ವಾಲ್ವು.

ಟೈಮಿಂಗ್ ಬೆಲ್ಟ್ ಯಾವಾಗ ಬದಲಾಯಿಸಿದ್ದು ಅಂತ ಬಿಲ್ಲು ತೋರಿಸದಿದ್ದರೆ ಬದಲಾಯಿಸಿಯೇ ಇಲ್ಲ ಅಂತ ಲೆಕ್ಕ ಹಾಕಿ. ಮೀಟರಿನಲ್ಲಿ ಕಾಣುವ ಕಿಲೋಮೀಟರಿಗೆ ಬೆಲೆ ಕೊಡಬೇಡಿ. ಜಿಪ್ಸಿಯ ಮೀಟರ್ ಕೇಬಲ್ ತುಂಡಾಗಿ ಎರಡು ವರ್ಷ ಹಾಗೇ ಓಡಿದ್ದು ಸಾಮಾನ್ಯ ಸಂಗತಿ.

ಫೋರ್ ಬೈ ಫೋರ್ (ನಾಲ್ಕೂ ಚಕ್ರಕ್ಕೆ ಬಲ ಕೊಡುವ ವ್ಯವಸ್ಥೆ) ಕೆಲಸ ಮಾಡುತ್ತಿದೆ ಅಂತ ಮಾರುವವರು ಹೇಳ್ತಾರೆ. ನಂಬಬಹುದಾ?

ಲಿವರ್ ಬೀಳುತ್ತದೆ ಅನ್ನುವುದಕ್ಕೂ ಮುಂದಿನ ಚಕ್ರ ಎಳೆಯುತ್ತದೆ ಅನ್ನುವುದಕ್ಕೂ ಬಹಳ ವ್ಯತ್ಯಾಸವಿದೆ. ಕೆಳಗೆ ನುಗ್ಗಿದಾಗಲೇ ಮುಂದಿನ ಹೌಸಿಂಗಿಗೆ ಹೋಗುವ ಶಾಫ್ಟ್ ಇದೆಯೇ ನೋಡಿ. ಸದ್ದು ಬರುತ್ತದೆ ಅಂತ ಅದನ್ನು ಬಿಚ್ಚಿಟ್ಟ ಗಾಡಿಗಳಿವೆ. ಜಿಪ್ಸಿಯಲ್ಲಿ ಗೇರ್‌ಬಾಕ್ಸಿಂದ ಟ್ರಾನ್ಸ್‌ಫರ್ ಕೇಸಿಗೆ (ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಪೆಟ್ಟಿಗೆ) ಒಂದು ಗಿಡ್ಡ ಶಾಫ್ಟ್, ಅಲ್ಲಿಂದ ಮುಂದಕ್ಕೊಂದು, ಹಿಂದಕ್ಕೊಂದು, ಒಟ್ಟು ಮೂರು. ಪ್ರತಿಯೊಂದರ ಕ್ರಾಸನ್ನೂ (ತುದಿಯ ಕೀಲು) ಕೈಯಲ್ಲಿ ಹಿಡಿದು ತಿರುಚಿ ನೋಡಿ, ಆಟ ಇರಬಾರದು. ಟ್ರಾನ್ಸ್‌ಫರ್ ಕೇಸು ಮೂರು ರಬ್ಬರ್ ಮೌಂಟ್‌ಗಳ ಮೇಲೆ ತೂಗುತ್ತಿರುತ್ತದೆ. ಅವು ಹರಿದಿದ್ದರೆ ಕ್ಲಚ್ ಬಿಟ್ಟಾಗ ಸೀಟಿನ ಕೆಳಗೆ 'ಧಡ್' ಅನ್ನುತ್ತದೆ. ಗೇರ್‌ಬಾಕ್ಸ್ ಹೋಗಿದೆ ಅಂತ ಹೆದರಿಸಿ ಬಿಚ್ಚಿಸುವವರಿದ್ದಾರೆ, ಮೊದಲು ರಬ್ಬರ್ ನೋಡಿ.

ಆಮೇಲೆ ಒಂದು ಕೆಸರಿನ ಏರು ಹುಡುಕಿ. ನಮ್ಮ ಕಡೆ ಅದಕ್ಕೇನು ಬರ. ಗಾಡಿ ನಿಲ್ಲಿಸಿ, ಮುಂದಿನ ಚಕ್ರವನ್ನು ಆ್ಯಕ್ಸಲಿಗೆ ಜೋಡಿಸುವ ಹಬ್ ಲಾಕ್ ಇದ್ದರೆ ಎರಡೂ ಕಡೆ ಲಾಕ್ ಮಾಡಿ, 4ಎಲ್ (ನಿಧಾನದ ಫೋರ್ ಬೈ ಫೋರ್) ಹಾಕಿ, ಮೊದಲ ಗೇರಿನಲ್ಲಿ ಆಕ್ಸಿಲರೇಟರ್ ತುಳಿಯದೆ ಹತ್ತಿಸಿ. ಜೊತೆಗೆ ಬಂದವರು ಮುಂದಿನ ಚಕ್ರ ನೋಡುತ್ತಿರಲಿ. ಮೇಲೆ ಹೋಗಿ ತಿರುಗಿಸಿಕೊಂಡು ಅದೇ ಗೇರಿನಲ್ಲಿ ಇಳಿಸಿ. ಇಳಿಯುವಾಗ ಲಿವರ್ ತಾನಾಗಿ ನ್ಯೂಟ್ರಲ್‌ಗೆ ಹಾರಿದರೆ ಒಳಗೆ ಹಲ್ಲು ಸವೆದಿದೆ, ಘಾಟಿಯಲ್ಲಿ ಎಂಜಿನ್ ಬ್ರೇಕು ಸಿಗುವುದಿಲ್ಲ. ಕೊನೆಗೆ ಮಣ್ಣಿನ ಮೈದಾನದಲ್ಲಿ 4ಎಚ್ (ವೇಗದ ಫೋರ್ ಬೈ ಫೋರ್) ಹಾಕಿ ಸ್ಟೀರಿಂಗ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ ನಿಧಾನ ಸುತ್ತಿ. ಮುಂದಿನಿಂದ 'ಕಟಕಟ' ಬಂದರೆ ಆ್ಯಕ್ಸಲ್ ಜಾಯಿಂಟ್ ಹೋಗುತ್ತಿದೆ.

ಈ ಪರೀಕ್ಷೆ ಡಾಂಬರಿನ ಮೇಲೆ ಬೇಡ. ಜಿಪ್ಸಿಗೆ ನಡುವೆ ಡಿಫರೆನ್ಷಿಯಲ್ ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಓಡಬೇಕು. ಜಾರಲು ಮಣ್ಣಿಲ್ಲದಿದ್ದರೆ ಆ ಬಿಗಿತವೆಲ್ಲ ಕ್ರಾಸು, ಗೇರುಗಳ ಮೇಲೆ ಬೀಳುತ್ತದೆ.

ಮುಂದಿನ ಚಕ್ರದ ಒಳಗಡೆ ಗ್ರೀಸು, ಎಣ್ಣೆ ಸೋರಿದೆ. ಗಂಭೀರವಾ?

ಜಿಪ್ಸಿಯ ಮುಂದಿನ ಹೌಸಿಂಗ್ ತುದಿಯಲ್ಲಿ ತಿರುಗುವ ಗುಂಡು ಇದೆ, ಅದಕ್ಕೆ ಒರೆಸುವ ಸೀಲು. ತೆಳ್ಳಗಿನ ಒದ್ದೆ ಪದರ ಇರುವುದು ಸಹಜ. ಬ್ರೇಕ್ ಡಿಸ್ಕಿನವರೆಗೆ ಎಣ್ಣೆ ಬಂದಿದ್ದರೆ ಒಳಗಿನ ಆಯಿಲ್ ಸೀಲು ಹೋಗಿದೆ. ಸೀಲು ಅಗ್ಗ, ಬಿಚ್ಚುವ ಕೂಲಿ ಜಾಸ್ತಿ. ಹಾಗಾಗಿ ಬಿಚ್ಚಿದಾಗಲೇ, ಚಕ್ರ ಎಡಬಲಕ್ಕೆ ತಿರುಗಲು ಆಧಾರವಾದ ಕಿಂಗ್‌ಪಿನ್ ಬೇರಿಂಗ್‌ಗಳನ್ನೂ ಹಾಕಿಸಿಬಿಡಿ.

60ರ ವೇಗದಲ್ಲಿ ಗುಂಡಿ ಹಾರಿದಾಗ ಸ್ಟೀರಿಂಗ್ ಗಡಗಡ ನಡುಗುತ್ತದೆ. ಯಾಕೆ?

ಹಳೇ ಜಿಪ್ಸಿಗಳ ಪ್ರಸಿದ್ಧ ಕಾಯಿಲೆ ಇದು. ಸ್ಟೀರಿಂಗಿನ ನಡುಕ ತಡೆಯುವ ಡ್ಯಾಂಪರ್ ಬದಲಾಯಿಸಿ ಅಂತ ಎಲ್ಲರೂ ಹೇಳುತ್ತಾರೆ. ಡ್ಯಾಂಪರ್ ರೋಗವನ್ನು ಮುಚ್ಚುತ್ತದೆ ಅಷ್ಟೇ. ಮುಂದಿನ ಚಕ್ರ ಜಾಕ್ ಹಾಕಿ ಎತ್ತಿ, ಮೇಲೊಂದು ಕೆಳಗೊಂದು ಕೈ ಹಿಡಿದು ಅಲುಗಿಸಿ. ಆಟ ಕಂಡರೆ ಇನ್ನೊಬ್ಬರಿಗೆ ಬ್ರೇಕ್ ತುಳಿಯೋಕೆ ಹೇಳಿ ಮತ್ತೆ ಅಲುಗಿಸಿ. ಆಟ ಮಾಯವಾದರೆ ವೀಲ್ ಬೇರಿಂಗ್ ಸಡಿಲ, ಹಾಗೇ ಉಳಿದರೆ ಕಿಂಗ್‌ಪಿನ್. ಎಡಬಲಕ್ಕೆ ಕೈ ಹಿಡಿದಾಗ ಆಟ ಇದ್ದರೆ ಟೈ ರಾಡ್ ತುದಿಗಳು. ಇವೆಲ್ಲ ಗಟ್ಟಿಯಿದ್ದೂ ನಡುಗಿದರೆ ಸ್ಪ್ರಿಂಗ್ ಬುಷ್, ಟೈರಿನ ಉಬ್ಬು, ಬ್ಯಾಲೆನ್ಸಿಂಗ್ ನೋಡಿಸಿ. ಬೆಲೆ ಇಳಿಸೋಕೆ ಇದು ಒಳ್ಳೆಯ ಕಾರಣ, ಗಾಡಿ ಬಿಡೋಕೆ ಅಲ್ಲ.

ಟ್ರಯಲ್ ಎಲ್ಲಿ ನೋಡೋದು?

ಊರೊಳಗೆ ಎರಡು ಸುತ್ತು ಹೊಡೆದು ಹಣ ಕೊಡಬೇಡಿ. ಶಿವಮೊಗ್ಗದ ಗಾಡಿಯಾದರೆ ತೀರ್ಥಹಳ್ಳಿ ರಸ್ತೆಯಲ್ಲಿ ಗಾಜನೂರು, ಸಕ್ರೆಬೈಲು ದಾಟಿ ಮಂಡಗದ್ದೆವರೆಗೆ ಹೋಗಿ ಬನ್ನಿ. ನೇರವೂ ಇದೆ, ತಿರುವೂ ಇದೆ, ಎಂಜಿನ್ ಚೆನ್ನಾಗಿ ಬಿಸಿಯಾಗುವಷ್ಟು ದೂರವೂ ಇದೆ. 60ಕ್ಕೆ ಏರಿಸಿ ಆಕ್ಸಿಲರೇಟರ್ ಬಿಡಿ. ಬಿಟ್ಟಾಗ ಮಾತ್ರ ಹಿಂದಿನಿಂದ 'ಊಂ' ಅಂತ ಕ್ರೌನ್ ಸದ್ದು ಬಂದರೆ ಹಿಂದಿನ ಡಿಫರೆನ್ಷಿಯಲ್ ಸವೆದಿದೆ. ಮೂರನೇ, ನಾಲ್ಕನೇ ಗೇರಿನಿಂದ ಇಳಿಸುವಾಗ ಕರಕರ ಅಂದರೆ ಸಿಂಕ್ರೊ ರಿಂಗು. ವಾಪಸು ಬಂದು ನಿಲ್ಲಿಸಿ ಐದು ನಿಮಿಷ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿ. ಬಿಸಿಯಲ್ಲಿ ಸ್ಟಾರ್ಟ್ ಆಗದ ಗಾಡಿಗಳು ಈ ಐದು ನಿಮಿಷದಲ್ಲೇ ಸಿಕ್ಕಿಬೀಳುವುದು.

ಮಿಲಿಟರಿ ಹರಾಜಿನ ಜಿಪ್ಸಿ ಒಳ್ಳೆಯದಂತೆ?

ಎಂಜಿನ್ ಮಟ್ಟಿಗೆ ಕೆಲವು ಒಳ್ಳೆಯವು. ಕಾಗದದ ಮಟ್ಟಿಗೆ, ಈಗಾಗಲೇ ಸಿವಿಲ್ ನೋಂದಣಿ ಆಗಿ ಆರ್‌ಸಿ ಕೈಯಲ್ಲಿದ್ದರೆ ಮಾತ್ರ ಮಾತಾಡಿ. 'ನಂಬರ್ ಮಾಡಿಸಿಕೊಡ್ತೀವಿ' ಅನ್ನುವ ಮಾತಿಗೆ ಅಡ್ವಾನ್ಸ್ ಕೊಡಬೇಡಿ. ಆಲಿವ್ ಗ್ರೀನ್ ಬಣ್ಣ ಹಾಗೇ ಇಟ್ಟುಕೊಳ್ಳುವಂತೆಯೂ ಇಲ್ಲ. ಕೇಂದ್ರ ಮೋಟಾರು ವಾಹನ ನಿಯಮ 121ರ ಪ್ರಕಾರ ಆ ಬಣ್ಣ ರಕ್ಷಣಾ ಇಲಾಖೆಯ ಗಾಡಿಗಳಿಗೆ ಮಾತ್ರ.

ಯಾವ ಯಾವ ಕಾಗದ ನೋಡಬೇಕು?

ಮೊದಲು ಆರ್‌ಸಿಯಲ್ಲಿರುವ ಚೇಸಿಸ್ ನಂಬರು, ಎಂಜಿನ್ ನಂಬರನ್ನು ಗಾಡಿಯ ಮೇಲೆ ಕುಟ್ಟಿದ್ದರ ಜೊತೆ ಒಂದೊಂದು ಅಕ್ಷರವಾಗಿ ಹೋಲಿಸಿ. ಚೇಸಿಸ್ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು ನೋಡಿ. ತುಕ್ಕಿನಲ್ಲಿ ಅಂಕಿ ಅಳಿಸಿಹೋಗಿದ್ದರೆ ಆರ್‌ಟಿಓ ತಪಾಸಣೆಯಲ್ಲೇ ಗಾಡಿ ಸಿಕ್ಕಿಕೊಳ್ಳುತ್ತದೆ. ಮಲೆನಾಡಿನ ಗಾಡಿಗೆ ಇದು ನಿಜವಾದ ತೊಂದರೆ.

ಖಾಸಗಿ ಗಾಡಿಯ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ. ಫಾರಂ 25 ಕೊಟ್ಟು, ಗಾಡಿ ತೋರಿಸಿ, ಐದೈದು ವರ್ಷಕ್ಕೆ ನವೀಕರಿಸಬೇಕು. ಸಿಗುವ ಜಿಪ್ಸಿಗಳಲ್ಲಿ ಬಹುಪಾಲು ಆ ಗಡಿ ದಾಟಿದವೇ. 15 ದಾಟಿದ ಕಾರಿಗೆ ಕೇಂದ್ರದ ನವೀಕರಣ ಶುಲ್ಕ 5,000 ರೂಪಾಯಿ. 2025ರ ಆಗಸ್ಟ್ ಅಧಿಸೂಚನೆಯ ಪ್ರಕಾರ 20 ದಾಟಿದ್ದಕ್ಕೆ 10,000. ಇದರ ಮೇಲೆ ರಾಜ್ಯದ ಹಸಿರು ತೆರಿಗೆ, ಅವಧಿ ಮೀರಿದ್ದರೆ ತಿಂಗಳ ಲೆಕ್ಕದ ದಂಡ. 'ಆರ್‌ಸಿ ಲ್ಯಾಪ್ಸ್ ಆಗಿದೆ, ನೀವೇ ಮಾಡಿಸಿಕೊಳ್ಳಿ' ಅಂದರೆ ಮಾಲೀಕರೇ ಮಾಡಿಸಿ ಕೊಡಲಿ, ಖರ್ಚು ಬೇಕಾದರೆ ಬೆಲೆಗೆ ಸೇರಿಸಿ.

ಹೆಸರು ಬದಲಾವಣೆಗೆ ಫಾರಂ 29, 30. ಸಾಲ ಇದ್ದದ್ದಾದರೆ ಬ್ಯಾಂಕಿನ ಫಾರಂ 35 ಮತ್ತು ಪತ್ರ. ಕೆಎ-14 ಶಿವಮೊಗ್ಗ, ಕೆಎ-15 ಸಾಗರ, ಕೆಎ-18 ಚಿಕ್ಕಮಗಳೂರು. ಮಾರುವವರು 14 ದಿನದೊಳಗೆ, ಕೊಳ್ಳುವವರು 30 ದಿನದೊಳಗೆ ಆರ್‌ಟಿಓಗೆ ತಿಳಿಸಬೇಕು. ಮೂಲ ಮಾಲೀಕರು ತೀರಿಕೊಂಡು ಮಗ ಮಾರುತ್ತಿದ್ದರೆ ಮೊದಲು ವಾರಸುದಾರರ ಹೆಸರಿಗೆ ಬರಲಿ. ಮನೆ ಪಾಲಾದ ಕುಟುಂಬಗಳ ಗಾಡಿಯಲ್ಲಿ ಇದೊಂದು ದೊಡ್ಡ ತಲೆನೋವು. ಎಂಪರಿವಾಹನ್ ಆ್ಯಪಿನಲ್ಲಿ ನಂಬರು ಹಾಕಿ ವಿಮೆ, ಸಾಲ, ಬಾಕಿ ಚಲನ್ ನೋಡುವುದು ಎರಡು ನಿಮಿಷದ ಕೆಲಸ.

ದಿಲ್ಲಿ ಗಾಡಿ ಅಗ್ಗ, ತುಕ್ಕೂ ಇಲ್ಲ. ತರಬಹುದಾ?

ತುಕ್ಕಿನ ಮಾತು ನಿಜ. ಆದರೆ ಅಲ್ಲಿ 15 ವರ್ಷ ದಾಟಿದ ಪೆಟ್ರೋಲ್ ಗಾಡಿಗೆ ನಿರ್ಬಂಧ ಇರುವುದರಿಂದಲೇ ಆ ಬೆಲೆ. ಫಾರಂ 28ರ ಎನ್‌ಒಸಿ ಕೈಗೆ ಬರುವ ಮೊದಲು ಲಾರಿ ಹತ್ತಿಸಬೇಡಿ. ನೋಂದಣಿ ರದ್ದಾದ ಗಾಡಿಯಾದರೆ ಮಾತೇ ಬೇಡ. ಇಲ್ಲಿ ಮತ್ತೆ ಜೀವಿತಾವಧಿ ತೆರಿಗೆ ಕಟ್ಟಬೇಕು. ಸಾಗಣೆ, ತೆರಿಗೆ, ಓಡಾಟ ಕೂಡಿಸಿದರೆ ಉಳಿತಾಯ ಬಹಳ ಸಲ ಉಳಿಯುವುದಿಲ್ಲ.

ಡೀಸೆಲ್ ಎಂಜಿನ್ ಕೂರಿಸಿದ, ದೊಡ್ಡ ಟೈರಿನ ಜಿಪ್ಸಿ ಸಿಕ್ಕಿದೆ.

ಆರ್‌ಸಿಯಲ್ಲಿ ಇಂಧನ 'ಪೆಟ್ರೋಲ್' ಅಂತಲೇ ಇದ್ದರೆ ಬಿಡಿ. ಅನುಮತಿ ಇಲ್ಲದ ಬದಲಾವಣೆ ಕಾನೂನುಬಾಹಿರ, ಅಪಘಾತವಾದರೆ ವಿಮೆಯೂ ಕೈಕೊಡಬಹುದು. ದೊಡ್ಡ ಟೈರು ಎಂಜಿನ್ನಿನ ಬಲ ತಿನ್ನುತ್ತದೆ, ಕಿಂಗ್‌ಪಿನ್ ಬೇಗ ಸವೆಸುತ್ತದೆ. ಕಿಂಗ್‌ಗೆ ಬಂದ 205/70 ಆರ್15 ಅಳತೆಯೇ ಸಾಕು, ತೋಟದ ದಾರಿಗೆ ಅದೇ ಅಳತೆಯಲ್ಲಿ ಆಳವಾದ ಕಚ್ಚಿನ ಟೈರು ಹಾಕಿ.

ಎಥೆನಾಲ್ ಪೆಟ್ರೋಲಿಂದ ತೊಂದರೆಯಾ?

ಕಾರ್ಬುರೇಟರ್ ಗಾಡಿಗೆ ಹೌದು. ಶೇ. 20 ಎಥೆನಾಲ್ ಇರುವ ಪೆಟ್ರೋಲು ಹಳೇ ರಬ್ಬರ್ ಪೈಪು, ಪಂಪಿನ ಡಯಾಫ್ರಾಮ್ ಎರಡನ್ನೂ ಹಾಳು ಮಾಡುತ್ತದೆ. ಪೈಪುಗಳನ್ನೆಲ್ಲ ಎಥೆನಾಲ್ ತಡೆಯುವಂಥವಕ್ಕೆ ಬದಲಾಯಿಸಿ. ಎಥೆನಾಲ್ ಗಾಳಿಯ ತೇವ ಹೀರುತ್ತದೆ. ಮಳೆಗಾಲದಲ್ಲಿ ಅರ್ಧ ಖಾಲಿ ಟ್ಯಾಂಕಿನೊಂದಿಗೆ ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕಿನ ತಳಕ್ಕೆ ನೀರು ಇಳಿದು, ಕಬ್ಬಿಣ ಒಳಗಿಂದ ತುಕ್ಕು ಹಿಡಿಯುತ್ತದೆ. ನಿಲ್ಲಿಸುವುದಾದರೆ 40 ಲೀಟರ್ ಟ್ಯಾಂಕನ್ನು ತುಂಬಿಸಿಯೇ ನಿಲ್ಲಿಸಿ.

ಮೈಲೇಜು?

10ರಿಂದ 12. ಫೋರ್ ಬೈ ಫೋರ್ ಹಾಕಿದರೆ ಕೇಳಬೇಡಿ.

ಮಕ್ಕಳನ್ನು ಕೂರಿಸಿಕೊಂಡು ಹೋಗಬಹುದಾ?

ಹಿಂದಿನ ಅಡ್ಡ ಸೀಟುಗಳಿಗೆ ಬೆಲ್ಟಿಲ್ಲ, ಗಾಡಿಗೆ ಏರ್‌ಬ್ಯಾಗಿಲ್ಲ, ಎಬಿಎಸ್ ಇಲ್ಲ. ಮಗುವನ್ನು ಹಿಂದೆ ಕೂರಿಸಿ ಘಾಟಿ ಇಳಿಯಬೇಡಿ. ಮನೆಗೆ ಒಂದೇ ಗಾಡಿ ಅನ್ನುವವರು ಜಿಪ್ಸಿ ಕೊಳ್ಳಬಾರದು.

ಕೊಂಡ ಮೇಲೆ ಮೊದಲ ತಿಂಗಳು ಏನು ಮಾಡಬೇಕು?

ಕೊಟ್ಟ ಬೆಲೆಯ ಕಾಲು ಭಾಗದಷ್ಟು ಹಣ ಕೈಯಲ್ಲಿ ಉಳಿಸಿಕೊಂಡೇ ಕೊಳ್ಳಿ. ಮೊದಲ ವಾರ ಎಲ್ಲ ಎಣ್ಣೆ ಬದಲಾಯಿಸಿ. ಎಂಜಿನ್ನಿಗೆ ಸುಮಾರು ಮೂರೂವರೆ ಲೀಟರ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸು, ಎರಡು ಹೌಸಿಂಗ್ ಸೇರಿ ಆರು ಲೀಟರ್ ಗೇರ್ ಆಯಿಲ್ ತಂದರೆ ಸಾಕು. ಇಳಿದ ಎಣ್ಣೆ ಹಾಲು ಹಾಕಿದ ಕಾಫಿಯಂತಿದ್ದರೆ ಗಾಡಿ ಹಳ್ಳ ದಾಟಿದೆ, ಬ್ರೀದರ್ (ಗಾಳಿ ಆಡುವ ತೂತು) ಮೂಲಕ ನೀರು ಒಳಗೆ ಹೋಗಿದೆ. ಬ್ರೀದರ್ ಪೈಪನ್ನು ಮೇಲಕ್ಕೆ ಎಳೆದು ಕಟ್ಟಿಸಿ, ಸಾವಿರ ಕಿಲೋಮೀಟರಿಗೆ ಮತ್ತೊಮ್ಮೆ ಎಣ್ಣೆ ಬದಲಾಯಿಸಿ.

ಬ್ರೇಕ್ ಆಯಿಲ್ ಪೂರ್ತಿ ಹೊಸದಾಗಲಿ. ನೀರು ಹೀರಿದ ಹಳೇ ಆಯಿಲ್ ಆಗುಂಬೆಯ ಅರ್ಧ ಇಳಿಯುವಷ್ಟರಲ್ಲಿ ಕುದಿದು ಪೆಡಲ್ ಮೆತ್ತಗಾಗುತ್ತದೆ. ಹಿಂದಿನ ಡ್ರಮ್ ಬಿಚ್ಚಿಸಿ ವೀಲ್ ಸಿಲಿಂಡರ್ ಸೋರುತ್ತಿದೆಯೇ ನೋಡಿಸಿ. ಟೈಮಿಂಗ್ ಬೆಲ್ಟು, ಟೆನ್ಷನರ್, ವಾಟರ್ ಪಂಪ್ ಒಟ್ಟಿಗೆ ಬದಲಾಯಿಸಿ.

ಚೇಸಿಸ್ ತೂತುಗಳ ಮಣ್ಣನ್ನು ತಂತಿಯಿಂದ ಕೆದಕಿ, ಪ್ರೆಶರ್ ನೀರು ಬಿಟ್ಟು, ಎರಡು ದಿನ ಬಿಸಿಲಿಗೆ ನಿಲ್ಲಿಸಿ, ಆಮೇಲೆ ತೊಲೆಯ ಒಳಕ್ಕೆ ತುಕ್ಕು ತಡೆಯುವ ವ್ಯಾಕ್ಸ್ ಸ್ಪ್ರೇ ಹೊಡೆಸಿ. ಒದ್ದೆಯಿರುವಾಗ ಹೊಡೆಸಿದರೆ ನೀರನ್ನು ಒಳಗೆ ಮುಚ್ಚಿಟ್ಟಂತೆ. ಇದನ್ನು ಏಪ್ರಿಲ್‌ನಲ್ಲೇ ಮುಗಿಸಿಕೊಳ್ಳಿ. ಮೇ ಕೊನೆಗೆ ಮಳೆ ಹಿಡಿದ ಮೇಲೆ ತೊಲೆಯ ಒಳಗು ಒಣಗುವುದು ಮತ್ತೆ ದೀಪಾವಳಿಗೇ.